ಭರವಸೆ: ಕೊಟ್ಟದ್ದು ಮತ್ತು ಬಿತ್ತಿದ್ದು

ಕನ್ನಡದ 'ಭರವಸೆ' ಎಂಬ ಪದಕ್ಕೆ ಎರಡು ಮುಖಗಳಿವೆ. ನಾವು ಭರವಸೆ ಇಡುತ್ತೇವೆ. ಇತರರು ನಮಗೆ ಭರವಸೆ ಕೊಡುತ್ತಾರೆ. ಮೊದಲನೆಯದು ಅಂತರಂಗದ ಬಲ, ಎರಡನೆಯದು ತೀರಿಸಬೇಕಾದ ಸಾಲ. ಇವೆರಡನ್ನೂ ಒಂದೆಂದು ಬಗೆದರೆ ಏನಾದೀತು?

ನವಲಗುಂದ ತಾಲ್ಲೂಕಿನ ತಿರ್ಲಾಪುರದಂತಹ ಹಳ್ಳಿಗಳನ್ನು ನೆನೆಯಿರಿ. ಅಲ್ಲಿಯದು ಕಪ್ಪು ಎರೆಭೂಮಿ. ಹಿಂಗಾರಿನ ಜೋಳ, ಕಡಲೆಗಳು ಮಣ್ಣಿನಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯಬೇಕು. ಆದರೂ ರೈತನು ಉಣ್ಣಬಹುದಾದ ಕಾಳನ್ನು ಮಣ್ಣಿಗೆ ಒಪ್ಪಿಸುತ್ತಾನೆ. ಸೀಗೆ ಹುಣ್ಣಿಮೆಯಂದು, ಸುಗ್ಗಿ ಇನ್ನೂ ದೂರವಿರುವಾಗಲೇ, ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬರುತ್ತಾರೆ. ಇದು ಇಟ್ಟ ಭರವಸೆ.

ಕೊಟ್ಟ ಭರವಸೆಯ ಕಥೆ ಬೇರೆ. ಮಲಪ್ರಭೆಯ ಕಾಲುವೆ ನೀರು ಸರಿಯಾಗಿ ತಲುಪದ ಹೊಲಗಳಿಗೂ ಅಭಿವೃದ್ಧಿ ಕರ ಬಿತ್ತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಪ್ರತಿಭಟಿಸಿದ ರೈತರ ಮೇಲೆ ಗೋಲಿಬಾರ್ ನಡೆದು ಜೀವಗಳು ಹೋದವು. ಮಹದಾಯಿಯ ನೀರನ್ನು ಕಳಸಾ-ಬಂಡೂರಿ ನಾಲೆಗಳಿಂದ ಮಲಪ್ರಭೆಗೆ ತರುವ ಮಾತೂ ದಶಕಗಳಷ್ಟು ಹಳೆಯದು. 2010ರಲ್ಲಿ ನ್ಯಾಯಮಂಡಳಿ ರಚನೆಯಾಯಿತು. 2015ರಲ್ಲಿ ರೈತರು ಮತ್ತೆ ಬೀದಿಗಿಳಿದರು. 2018ರ ತೀರ್ಪು ಈ ನಾಲೆಗಳಿಗೆ 3.9 ಟಿಎಂಸಿ ನೀರನ್ನು ಹಂಚಿತು. 2020ರಲ್ಲಿ ಅಧಿಸೂಚನೆ ಹೊರಬಿತ್ತು. ಇಷ್ಟಾದ ಮೇಲೂ ಕಾದಿರುವವರಿಗೆ "ಭರವಸೆ ಕಳೆದುಕೊಳ್ಳಬೇಡಿ" ಎಂದು ಉಪದೇಶಿಸುವುದು ಸುಲಭ. ಆದರೆ ಸಾಲಗಾರನನ್ನು ಕೇಳದೆ, ಸಾಲ ಕೊಟ್ಟವನಿಗೆ ಮಾತ್ರ ತಾಳ್ಮೆ ಬೋಧಿಸುವುದು ಧರ್ಮವೇ?

ಪವಿತ್ರ ಗ್ರಂಥದ ಯೆರೆಮೀಯ ಪ್ರವಾದಿಯನ್ನು ನೋಡಿರಿ. ಶತ್ರುಸೈನ್ಯ ಜೆರುಸಲೇಮನ್ನು ಮುತ್ತಿತ್ತು, ಅವನು ಸೆರೆಯಲ್ಲಿದ್ದ. ನಗರ ಬೀಳುವುದು ನಿಶ್ಚಯವೆಂದು ಅವನು ಮುಚ್ಚುಮರೆಯಿಲ್ಲದೆ ಸಾರಿದ್ದ. ಎಲ್ಲವೂ ಸುಖವಾಗಿದೆ ಎಂದವರನ್ನು ಖಂಡಿಸಿದ್ದ. ಅದೇ ಯೆರೆಮೀಯ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡು, ಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಭದ್ರಪಡಿಸಿದ. ಮೊದಲು ಸತ್ಯ ನುಡಿದ. ಅನಂತರ ತನ್ನ ಕೈಯಿಂದ ಬೆಲೆ ತೆತ್ತ. ಈ ಎರಡೂ ಇಲ್ಲದ ಭರವಸೆ ಬರಿಯ ಸಾಂತ್ವನ.

ಸಾರ್ವಜನಿಕ ಬದುಕಿನಲ್ಲೂ ಇದೇ ಅಳತೆ. ಎಷ್ಟು ನೀರು, ಯಾವ ಉದ್ದೇಶಕ್ಕೆ, ಯಾವ ಅಡ್ಡಿಗಳ ನಡುವೆ ಎಂಬುದನ್ನು ಜನರಿಗೆ ನೇರವಾಗಿ ಹೇಳುವವನೇ ಅವರನ್ನು ಗೌರವಿಸುವವನು. ಗೋವೆಯಲ್ಲಿಯೂ ಅದೇ ನದಿಯನ್ನು ನಂಬಿದವರಿದ್ದಾರೆ. ನೆರೆಯವನ ಬಾಯಾರಿಕೆಯನ್ನು ಲೆಕ್ಕಿಸದ ಭರವಸೆ ನ್ಯಾಯದ ಮುಂದೆ ನಿಲ್ಲಲಾರದು.

ಓದುಗರೇ, ದೊಡ್ಡವರನ್ನು ಪ್ರಶ್ನಿಸುವ ನಾವೂ ಮಾತು ಕೊಟ್ಟವರೇ. ಆಳಿಗೆ "ಮುಂದಿನ ವಾರ ಕೂಲಿ" ಎಂದಿದ್ದೇವೆ. ಮಗಳಿಗೆ "ಮುಂದೆ ಓದಿಸುತ್ತೇವೆ" ಎಂದಿದ್ದೇವೆ. ವೃದ್ಧ ತಾಯಿಗೆ "ಹಬ್ಬಕ್ಕೆ ಬರುತ್ತೇವೆ" ಎಂದಿದ್ದೇವೆ. ಅವರು ಅದನ್ನು ನಂಬಿ ದಿನ ಎಣಿಸುತ್ತಿದ್ದಾರೆ. ಇತರರಿಗೆ ಭರವಸೆಯನ್ನು ಬೋಧಿಸುವ ಮುನ್ನ, ಕೊಟ್ಟ ಮಾತುಗಳಲ್ಲಿ ಒಂದನ್ನಾದರೂ ಇಂದು ತೀರಿಸೋಣ.