ಚಿಮಣಿ ಎಣ್ಣಿಯ ಕುಲಗೋತ್ರ

(ಮುಳಗುಂದದ ಒಂದು ಮನೆ. ಸಂಜೆ, ಕರೆಂಟು ಹೋಗಿದೆ. ಅಜ್ಜ ನಿವೃತ್ತ ಕನ್ನಡ ಮಾಸ್ತರ. ಮೊಮ್ಮಗಳು ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದಾಳೆ.)

ಅಜ್ಜ: ಮಾಡದಾಗಿನ ಚಿಮಣಿ ತಗೀಯವಾ. ಎಣ್ಣಿ ಐತೇನು ನೋಡು.

ಮೊಮ್ಮಗಳು: ಇದಕ್ಕ ಚಿಮಣಿ ಅನ್ನೋದಽ ತಪ್ಪಜ್ಜಾ. ಇಂಗ್ಲಿಷಿನ್ಯಾಗ ಚಿಮ್ನಿ ಅಂದ್ರ ಹೊಗಿ ಹೋಗೋ ಕೊಳವಿ.

ಅಜ್ಜ: ಇಂಗ್ಲಿಷರಿಗೆ ಅದು ಎಲ್ಲಿಂದ ಬಂತು?

ಮೊಮ್ಮಗಳು: ಫ್ರೆಂಚಿನ ‘ಶೆಮಿನೆ’ಯಿಂದ. ಅಲ್ಲಿ ಅದು ಬೆಂಕಿಗೂಡೂ ಹೌದು, ಹೊಗಿ ಕೊಳವಿಯೂ ಹೌದು. ಅದರ ಹಿಂದ ಲ್ಯಾಟಿನ್ ‘ಕಾಮಿನುಸ್’, ಇನ್ನೂ ಹಿಂದ ಗ್ರೀಕಿನ ‘ಕಾಮಿನೋಸ್’, ಅಂದ್ರ ಕುಲುಮಿ, ಭಟ್ಟಿ. ಜರ್ಮನರ ‘ಕಾಮಿನ್’ ಮನಿಯೊಳಗಿನ ಬೆಂಕಿಗೂಡು.

ಅಜ್ಜ: ಹಂಗಾರ ಕುಲುಮಿ ಅನ್ನೋದೊಂದಽ ಖರೆ ಅರ್ಥ, ಉಳದವರೆಲ್ಲಾ ತಪ್ಪಿದವರು. ನಮ್ಮನ್ನಷ್ಟಽ ಯಾಕ ಬೈತಿ?

ಮೊಮ್ಮಗಳು: ಅವರ ಅರ್ಥದಾಗ ಬೆಂಕಿನೋ ಹೊಗಿನೋ ಉಳದೈತಲ್ಲ.

ಅಜ್ಜ: ನಮ್ಮದರಾಗ ಎರಡೂ ಅದಾವು! ದೀಪದ ಗಾಜಿನ ಕೊಳವಿಗೆ ಇಂಗ್ಲಿಷರು ಚಿಮ್ನಿ ಅಂದ್ರು. ಆ ಹೆಸರು ನಮ್ಮಲ್ಲಿ ದೀಪಕ್ಕಽ ಆತು. ಆಮ್ಯಾಲೆ ಗಾಜಽ ಇಲ್ಲದ ಈ ತಗಡಿನ ಬುಡ್ಡಿಗೂ ಅದಽ ಹೆಸರು ಬಂತು.

ಮೊಮ್ಮಗಳು: ಬೇರು ಬಿಟ್ಟು ಬರೇ ರೂಪ ನಂಬಿದ್ರ ಮೋಸ ಹೋಗ್ತೀವಿ. ಇಟಾಲಿಯನ್ ‘ಕಮೀನೊ’ ಬೆಂಕಿಗೂಡು, ಸ್ಪ್ಯಾನಿಷ್ ‘ಕಮೀನೊ’ ದಾರಿ. ಅಕ್ಷರ ಅವಽ. ಆದ್ರ ದಾರಿಯ ಕಮೀನೊ ಹುಟ್ಟಿದ್ದು ಗಾಲ್ ಸೀಮೆಯ ಕೆಲ್ಟಿಕ್ ಮಾತಿನ್ಯಾಗ. ಎರಡಕ್ಕೂ ರಕ್ತಸಂಬಂಧ ಇಲ್ಲ.

ಅಜ್ಜ: ಮರಾಠಿಯಾಗ ಚಿಮಣಿ ಅಂದ್ರ ಗುಬ್ಬಿ. ಅದಕ್ಕೂ ಈ ದೀಪಕ್ಕೂ ಸಂಬಂಧ ಇಲ್ಲ. ಬೇರು ತಿಳಕೋಬ್ಯಾಡ ಅನ್ನಂಗಿಲ್ಲ ನಾ. ಶಬ್ದ ಎಲ್ಲಿಂದ ಬಂತು ಅಂತ ಬೇರು ಹೇಳತೈತಿ. ಈಗ ಅದು ಏನಂತ ತೀರ್ಪು ಕೊಡೋ ಅಧಿಕಾರ ಅದಕ್ಕಿಲ್ಲ. ಎಣ್ಣಿನ ತಗೋ. ಎಳ್ಳಿನ ನೆಯ್ ಎಣ್ಣೆ ಆತು. ತಮಿಳರಿಗೆ ಇವತ್ತು ನೆಯ್ ಅಂದ್ರ ತುಪ್ಪ. ಹಂಗಂತ ಕುಸುಬಿ ಎಣ್ಣಿಯಾಗ ಎಳ್ಳೆಲ್ಲಿ, ಚಿಮಣಿ ಎಣ್ಣಿಯಾಗ ತುಪ್ಪೆಲ್ಲಿ ಅಂತ ಅಂಗಡಿಯವನ ಕೂಡ ಜಗಳಾ ತಗೀತಿಯೇನು?

ಮೊಮ್ಮಗಳು: ಸಂಸ್ಕೃತದ ತೈಲನೂ ತಿಲದಿಂದ ಬಂದದ್ದಽ. ಇಂಗ್ಲಿಷಿನ ಆಯಿಲ್ ಆಲಿವ್‌ದಿಂದ. ಗಾಡಿಯ ಆಯಿಲ್‌ನ್ಯಾಗ ಆಲಿವ್ ಇಲ್ಲ, ಒಪ್ಪಿದೆ. ಆದ್ರ ಎಣ್ಣಿ-ತುಪ್ಪ ಬೆರಸಬ್ಯಾಡ ಅಂದಾವ ನಮ್ಮೂರಾವನಽ ಅಲ್ಲೇನು? 1112ರ ಸುಮಾರಿಗೆ ‘ಧರ್ಮಾಮೃತ’ ಬರದ ನಯಸೇನ, ಕನ್ನಡದಾಗ ಸಂಸ್ಕೃತ ತುರಕೋರನ್ನ ಹಂಗಽ ಝಾಡಿಸ್ಯಾನ.

ಅಜ್ಜ: ಝಾಡಿಸೋ ಪದ್ಯದಾಗಽ ತುಪ್ಪಕ್ಕ ಘೃತ ಅಂದಾನ, ಎಣ್ಣಿಗೆ ತೈಲ ಅಂದಾನ, ಸಂಸ್ಕೃತಕ್ಕ ಸಕ್ಕದ ಅಂದಾನ.

ಮೊಮ್ಮಗಳು: ತನ್ನ ಮಾತು ತಾನಽ ಮುರದ.

ಅಜ್ಜ: ಘೃತ, ತೈಲದ ಮಟ್ಟಿಗೆ ಹಂಗನ್ನು, ಬೇಕಾದ್ರ ಕೆಣಕಾಕ ಹಾಕ್ಯಾನ ಅನ್ನು. ಸಕ್ಕದದ ಮಾತು ಬ್ಯಾರೆ. ಅದು ಕನ್ನಡದ ನಾಲಿಗಿಗೆ ಬಗ್ಗಿದ ಶಬ್ದ. ಅವನ ತಕರಾರು ಹೊರಗಿಂದ ಬಂದ ಶಬ್ದದ ಮ್ಯಾಲಲ್ಲ, ಬಂದೂ ಬಗ್ಗದ ಶಬ್ದದ ಮ್ಯಾಲ. ಇದಽ ಊರಾಗ ಮಲ್ಲಿಷೇಣ 1047ರಾಗ ಸಂಸ್ಕೃತದಾಗ ‘ಮಹಾಪುರಾಣ’ ಮುಗಿಸಿದ್ದ. ಅದಕ್ಕೂ ನಯಸೇನನ ಅಡ್ಡಿ ಇಲ್ಲ. ಸಂಸ್ಕೃತ ಬರೀತಿದ್ರ ಪೂರಾ ಬರಿ ಅಂತಾನ.

ಮೊಮ್ಮಗಳು: ಬಗ್ಗಿತೋ ಇಲ್ಲೋ ಅಂತ ಹೇಳೋರು ಯಾರು? ಪಂಡಿತರೇನು?

ಅಜ್ಜ: ಅಂಗಡಿ ಮುಂದ ನಿಂತ ಮಂದಿ. ಒಬ್ಬಾಕಿ ಚಿಮಣಿ ಎಣ್ಣಿ ಕೇಳಿದಳು, ಅಂಗಡಿಯವ ಅಳದು ಕೊಟ್ಟ. ನಡುವ ಯಾರೂ ‘ಹಂಗಂದ್ರೇನು’ ಅನ್ನಲಿಲ್ಲ. ಅಲ್ಲಿಗೆ ಶಬ್ದ ಒಳಗಿಂದಾತು.

ಮೊಮ್ಮಗಳು: ಮೈಸೂರಾಗ ಹಂಗ ಕೇಳಿದ್ರ ‘ಏನದು’ ಅಂತಾರ. ಅವರಿಗೆ ಅದು ಸೀಮೆಎಣ್ಣೆ. ನಿನ್ನ ಅಂಗಡಿ ಮಂದಿಯ ಕಾನೂನು ಈ ಕಡೆಗಷ್ಟಽ.

ಅಜ್ಜ: ಖರೆ. ಅರ್ಥಕ್ಕೂ ಗಡಿ ಇರತೈತಿ. ನೀ ಕಲಿತ ಬೇರಿನ ವಿದ್ಯಾ ಕೆಲಸಕ್ಕ ಬರೋದು ಅಲ್ಲೇ. ಗಡಿ ದಾಟಿದಾಗ ಎದುರಿನವ ತಪ್ಪಿದ ಅಂತ ನಗೂದಕ್ಕಿಂತ ಮೊದಲು, ‘ನಿಮ್ಮಲ್ಲಿ ಇದಕ್ಕ ಏನಂತೀರಿ’ ಅಂತ ಕೇಳೋ ಬುದ್ಧಿ ಬರತೈತಿ.

ಮೊಮ್ಮಗಳು: ಕೇಳ್ತೀನಿ ಬಿಡಜ್ಜಾ. ಆದ್ರ ದಾರಿ ಕೇಳಿದಾಗ ಬೆಂಕಿಗೂಡು ತೋರಿಸಿದ್ರ ಜಗಳ ಮಾಡಾಕಿನಽ!