ಯತ್ನಾಚಾರ ಮತ್ತು ಮುಖವಸ್ತ್ರ



ಸೋಸದ ನೀರನ್ನು ಕುಡಿಯಬಾರದೆಂಬುದು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲ ನಿಯಮ. ದಪ್ಪ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತೇವೆ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಬಂದ ನೀರಿಗೇ ಮರಳಿಸುತ್ತೇವೆ. ಕಣ್ಣಿಗೆ ಕಾಣದ ಜೀವದ ವಿಷಯದಲ್ಲಿ ಇಷ್ಟು ಎಚ್ಚರವುಳ್ಳವರು ಕಣ್ಣೆದುರಿನ ಮನುಷ್ಯನ ವಿಷಯದಲ್ಲಿ ಎಚ್ಚರ ತಪ್ಪಬಹುದೇ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ತೋರಿಸಿದ್ದಾರೆ. ಕ್ಷಯ, ಇನ್‌ಫ್ಲುಯೆಂಜಾ, ಕೋವಿಡ್ ಮೊದಲಾದ ರೋಗಗಳು ಕೆಮ್ಮು-ಸೀನುಗಳೊಡನೆ ಹೊರಬೀಳುವ ಸೂಕ್ಷ್ಮ ಕಣಗಳಿಂದ ಹರಡುತ್ತವೆ. 2021ರಲ್ಲಿ ನಮ್ಮ ವಡ್ಡು ಗ್ರಾಮದ ನೆರೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಆಸ್ಪತ್ರೆಗಳಿಗೆ ಆಮ್ಲಜನಕ ಸಾಗಿದುದನ್ನು ಮರೆಯುವಂತಿಲ್ಲ. ಒಂದೊಂದು ಉಸಿರಿನ ಬೆಲೆ ಆಗ ತಿಳಿಯಿತು.

ಆಹಾರದಾನದ ಸಮಯವನ್ನು ನೆನೆಯಿರಿ. ಮುನಿಗಳು ನಿಂತು, ಕರಪಾತ್ರದಲ್ಲಿ, ದಿನಕ್ಕೆ ಒಮ್ಮೆ ಮಾತ್ರ ಆಹಾರ ಸ್ವೀಕರಿಸುತ್ತಾರೆ. ಔಷಧವೂ ಆಗಲೇ ಸಲ್ಲಬೇಕು. ನಾವು ಅವರ ಅತಿ ಸಮೀಪದಲ್ಲಿರುತ್ತೇವೆ. ನಮ್ಮ ಕೆಮ್ಮು ಅವರಿಗೆ ತಗುಲಿದರೆ ಉಪಚಾರಕ್ಕೆ ಮರುದಿನದವರೆಗೆ ದಾರಿಯಿಲ್ಲ. ಆದುದರಿಂದ ಜ್ವರ, ಕೆಮ್ಮು ಇದ್ದವರು ಅಂದು ದೂರದಲ್ಲಿಯೇ ಅನುಮೋದನೆ ಮಾಡಲಿ, ಅನುಮೋದನೆಗೂ ಪುಣ್ಯವುಂಟು. ದಶಲಕ್ಷಣ ಪರ್ವದಲ್ಲಿ ಉಪವಾಸದಿಂದ ಬಳಲಿದ ಹಿರಿಯರ ಬಳಿಗೂ ಇದೇ ಎಚ್ಚರ ಬೇಕು.

“ಮುಖವಸ್ತ್ರ ನಮ್ಮ ಆಮ್ನಾಯದ್ದಲ್ಲ” ಎಂದು ಕೆಲವರು ಶಂಕಿಸುವರು. ಸ್ಥಾನಕವಾಸಿ ಸಾಧುಗಳ ಮುಹಪತ್ತಿ ಅವರ ಆಚಾರಚಿಹ್ನೆ, ಇದು ಹಾಗಲ್ಲ. ನೀರು ಸೋಸುವ ಬಟ್ಟೆಯಂತೆ ಇದು ಗೃಹಸ್ಥನ ಯತ್ನಾಚಾರದ ಸಾಧನ ಮಾತ್ರ.

ಸಾಧನವಾದರೂ ಕ್ರಮವರಿತು ಬಳಸಬೇಕು. ಧರಿಸುವ ಮುನ್ನ ಕೈತೊಳೆಯಿರಿ. ಮೂಗು, ಬಾಯಿ, ಗದ್ದ ಮೂರೂ ಮುಚ್ಚಿರಬೇಕು; ಮೂಗಿನಿಂದ ಜಾರಿದ ವಸ್ತ್ರ ಹರಿದ ಸೋಸುಬಟ್ಟೆಯಂತೆ. ಮುಂಭಾಗವನ್ನು ಮುಟ್ಟದೆ ಕಿವಿಯ ದಾರ ಹಿಡಿದು ತೆಗೆಯಿರಿ. ಒದ್ದೆಯಾದುದನ್ನು ಬದಲಿಸಿರಿ. ಬಟ್ಟೆಯದಾದರೆ ದಿನವೂ ಸಾಬೂನಿನಿಂದ ಒಗೆದು ಚೆನ್ನಾಗಿ ಒಣಗಿಸಿರಿ. ಒಮ್ಮೆ ಬಳಸುವಂಥದನ್ನು ಬೀದಿಗೆಸೆಯದೆ ಮುಚ್ಚಳದ ಡಬ್ಬಿಗೆ ಹಾಕಿರಿ. ಒಬ್ಬರದನ್ನು ಇನ್ನೊಬ್ಬರು ತೊಡಬಾರದು. ಎರಡು ವರ್ಷದೊಳಗಿನ ಶಿಶುವಿಗೂ ಉಸಿರಾಟದ ತೊಂದರೆಯುಳ್ಳವರಿಗೂ ಕಟ್ಟಬೇಡಿರಿ. ಅವರ ಬಳಿ ಹೋಗುವವರು ಧರಿಸಲಿ. ಸಂಡೂರಿನ ಗಣಿಧೂಳಿನಲ್ಲಿ ದುಡಿಯುವವರು ಈ ಬಟ್ಟೆಯನ್ನೇ ನಂಬಬಾರದು. ನುಣ್ಣನೆಯ ಧೂಳನ್ನು ತಡೆಯಲು ಅದಕ್ಕೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡ ಬೇಕು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಮೊದಲ ಮೂರಕ್ಕೆ ಧನವೋ ವಿದ್ಯೆಯೋ ಬೇಕಾದೀತು. “ನನ್ನಿಂದ ನಿನಗೆ ಭಯವಿಲ್ಲ” ಎಂಬ ಅಭಯದಾನವನ್ನು ಬಡವನೂ ಒಂದು ಗೇಣು ಬಟ್ಟೆಯಿಂದ ಮಾಡಬಲ್ಲನು. ಉಪವಾಸದಲ್ಲಿ ನಾಲಿಗೆಯನ್ನು ಗೆದ್ದವರು ರೋಗದ ದಿನಗಳಲ್ಲಿ ಉಸಿರನ್ನೂ ಯತ್ನದಿಂದ ನಡೆಸಲಿ, ಅಹಿಂಸಾಣುವ್ರತ ಪುಷ್ಟವಾಗಲಿ.