ಶಕ್ತಿಗಿಂತ ಯುಕ್ತಿ ಮೇಲು

ಮೊಲ ಸಿಂಹವನ್ನು ಬಾವಿಗೆ ಬೀಳಿಸಿದ ಕತೆಯೊಡನೆ ಮಕ್ಕಳ ಕಿವಿಗೆ ಬೀಳುವ ಗಾದೆ ಇದು. ಆ ಕತೆಯಿಂದಾಗಿ ಯುಕ್ತಿಯೆಂದರೆ ಬಲವಿಲ್ಲದವನ ಮೋಸ ಎಂಬ ಭಾವನೆ ಉಳಿದುಬಿಟ್ಟಿದೆ. ಭಾರತೀಯ ನೌಕಾಪಡೆಯ ವೈಸ್ ಅಡ್ಮಿರಲ್ ಗುಲಾಬ್ ಮೋಹನ್‌ಲಾಲ್ ಹಿರಾನಂದಾನಿ ಅವರ ಸೇವೆಯನ್ನು ನೋಡಿದರೆ ಗಾದೆ ಬೇರೆಯದನ್ನೇ ಹೇಳುತ್ತದೆ: ತನ್ನ ಬಲ ಎಲ್ಲಿಗೆ ಮುಗಿಯುತ್ತದೆಂದು ಅಳೆದು ಅರಿತವನೇ ಯುಕ್ತಿವಂತ.

ಅವರು ಹಡಗಿನ ತೋಪುಗಳ ವಿದ್ಯೆಯಲ್ಲಿ, ಗನ್ನರಿಯಲ್ಲಿ ಪಳಗಿದವರು. 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಶ್ಚಿಮ ನೌಕಾಪಡೆಯ ಕಾರ್ಯಾಚರಣೆ ಅಧಿಕಾರಿ. 1965ರ ಸೆಪ್ಟೆಂಬರ್‌ನಲ್ಲಿ ಪಾಕಿಸ್ತಾನದ ಹಡಗುಗಳು ದ್ವಾರಕೆಯ ಮೇಲೆ ಗುಂಡು ಸುರಿಸಿ ಹೋಗಿದ್ದ ನೋವು ಇನ್ನೂ ಹಸಿಯಾಗಿತ್ತು.

ಹಿರಾನಂದಾನಿ ಅವರ ಕೈಲಿದ್ದದ್ದು ಸೋವಿಯತ್ ಒಕ್ಕೂಟದಿಂದ ಬಂದ ಕ್ಷಿಪಣಿ ದೋಣಿಗಳು. ಕಾರವಾರದ ಕಡಲತೀರದಲ್ಲಿ ನಿಲ್ಲಿಸಿರುವ ಕ್ಷಿಪಣಿ ದೋಣಿ ‘ಚಪಲ್’ ಹತ್ತಿದವರಿಗೆ ಅವುಗಳ ಗಾತ್ರ ಅಂದಾಜಾಗುತ್ತದೆ. 1976ರಲ್ಲಿ ಪಡೆ ಸೇರಿದ ಅದು 1971ರ ದೋಣಿಗಳ ಮುಂದಿನ ತಲೆಮಾರು. ಆ ದೋಣಿ ಒಂದೊಂದರಲ್ಲಿ ನಾಲ್ಕು ಕ್ಷಿಪಣಿ, ಹೊಡೆತ ಸುಮಾರು 40 ಕಿಲೋಮೀಟರ್. ಆದರೆ ಸ್ವಂತ ತೀರ ಕಾಯಲೆಂದು ಕಟ್ಟಿದವು. ದೂರ ಹೋಗುವಷ್ಟು ಇಂಧನವಿಲ್ಲ. ದೊಡ್ಡ ಹಡಗು ಹಗ್ಗ ಕಟ್ಟಿ ಎಳೆದೊಯ್ದರೆ ಹೇಗೆಂದು ಮೊದಲೇ ಪರೀಕ್ಷಿಸಿದರು. ದೂರ ನೋಡಬಲ್ಲ ರೇಡಾರಿದ್ದ ಕಿಲ್ತಾನ್, ಕಚಾಲ್ ಹಡಗುಗಳನ್ನು ಜೊತೆಗೆ ಕೊಟ್ಟರು. ಶತ್ರುವಿಮಾನಗಳ ಕಣ್ಣಿಗೆ ಬೀಳದಂತೆ ಇರುಳನ್ನು ಆರಿಸಿದರು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಕ್ಷಿಪಣಿ ದೋಣಿಗಳು ಕರಾಚಿಯತ್ತ ನುಗ್ಗಿದವು. ಪಾಕಿಸ್ತಾನದ ಖೈಬರ್, ಮುಹಾಫಿಜ್ ಹಡಗುಗಳು ಮುಳುಗಿದವು. ನಮ್ಮ ದೋಣಿಗಳೆಲ್ಲ ಮರಳಿದವು. ಆ ದಿನವೇ ಇಂದು ನೌಕಾಪಡೆ ದಿನ.

ಗಾದೆಯನ್ನು ಇಲ್ಲಿಗೇ ಬಿಟ್ಟರೆ ಅರ್ಧ ಹೇಳಿದಂತೆ. ಡಿಸೆಂಬರ್ 9ರಂದು ದೀವ್ ಬಳಿ ಪಾಕಿಸ್ತಾನದ ಹಾಂಗೋರ್ ಎಂಬ ಜಲಾಂತರ್ಗಾಮಿ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. ಅದರ ಮುಖ್ಯಸ್ಥ ಕ್ಯಾಪ್ಟನ್ ಮುಲ್ಲಾ ಸೇರಿ 18 ಅಧಿಕಾರಿಗಳು, 176 ನಾವಿಕರು ಕಡಲ ಪಾಲಾದರು. ನೀರಿನಡಿಯ ಶತ್ರುವನ್ನು ಸಕಾಲದಲ್ಲಿ ಪತ್ತೆಹಚ್ಚುವ ಬಲವೇ ಇಲ್ಲದಾಗ ಯುಕ್ತಿ ಒಂಟಿಯಾಗಿ ಎಷ್ಟು ದೂರ ನಡೆದೀತು? ಗಾದೆ ಯುಕ್ತಿಯನ್ನು ಮೇಲೆ ಕೂರಿಸಿದೆಯೇ ಹೊರತು ಶಕ್ತಿ ಬೇಡವೆಂದಿಲ್ಲ.

ಅದನ್ನು ಹಿರಾನಂದಾನಿ ಬಲ್ಲವರಾಗಿದ್ದರು. 1980ರಲ್ಲಿ ಕ್ಷಿಪಣಿ ಹೊತ್ತ ವಿನಾಶಕ ನೌಕೆ ‘ರಜಪೂತ್’ಗೆ ಮೊದಲ ಕಪ್ತಾನರಾದರು, ಮುಂದೆ ನೌಕಾಪಡೆಯ ಉಪಮುಖ್ಯಸ್ಥರಾದರು. ನಿವೃತ್ತರಾದ ಮೇಲೆ ನೌಕಾಪಡೆಯ ಇತಿಹಾಸವನ್ನು ಮೂರು ಸಂಪುಟಗಳಲ್ಲಿ ಬರೆದರು. 1971ರ ಯುದ್ಧವನ್ನು ಒಳಗೊಂಡ ಸಂಪುಟದಲ್ಲಿ ಕರಾಚಿಯ ಗೆಲುವಿನ ಜೊತೆಗೆ ಖುಕ್ರಿಯ ಸೋಲಿಗೂ ಜಾಗ ಕೊಟ್ಟಿದ್ದಾರೆ.